ಒಂದು ಓಟಿನ ಲೀಡು

40,752. ಅದರ ಕೆಳಗೆ 40,751.

ಈ ಎರಡನ್ನೂ ಒಂದರ ಕೆಳಗೊಂದು ಬರೆದು ಕಳೆದು ನೋಡಿ. ಹತ್ತು ಸಾವಿರದ ಸ್ಥಾನದಿಂದ ಹತ್ತರ ಸ್ಥಾನದವರೆಗೆ ಎಲ್ಲವೂ ಸೊನ್ನೆ. ಬಿಡಿ ಸ್ಥಾನದಲ್ಲಿ ಮಾತ್ರ ಒಂದು ಉಳಿಯುತ್ತದೆ. 2004ರ ಮೇ 13ರಂದು ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದ ಎಣಿಕೆ ಮುಗಿದಾಗ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರ ಹೆಸರಿನ ಮುಂದೆ ಇದ್ದದ್ದು ಮೊದಲ ಸಂಖ್ಯೆ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರ ಹೆಸರಿನ ಮುಂದೆ ಇದ್ದದ್ದು ಎರಡನೆಯದು. ಉಳಿದ ಆ ಒಂದು ಓಟೇ ಧ್ರುವನಾರಾಯಣ ಅವರ ಲೀಡು. ಐದು ವರ್ಷ ಕಳೆಯುವ ಹೊತ್ತಿಗೆ ಅವರು ಲೋಕಸಭೆಯಲ್ಲಿದ್ದರು.

ಚುನಾವಣೆಯಲ್ಲಿ ಇದಕ್ಕಿಂತ ಸಣ್ಣ ಗೆಲುವು ಇರಲು ಸಾಧ್ಯವೇ ಇಲ್ಲ. ಅರ್ಧ ಓಟು ಎಂಬುದಿಲ್ಲ. ಒಂದರ ಕೆಳಗೆ ಸೊನ್ನೆ. ಸೊನ್ನೆ ಬಂದರೆ ಅದು ಗೆಲುವಲ್ಲ, ಸಮಬಲ. ಇಬ್ಬರಿಗೂ ಸೇರಿ ಬಿದ್ದದ್ದು 81,503 ಓಟು. ಅಷ್ಟು ಜನ ಬೆಳಿಗ್ಗೆ ಎದ್ದು, ಹೊಲದ ಕೆಲಸ ಬಿಟ್ಟು, ಮಗುವನ್ನು ಸೊಂಟಕ್ಕೇರಿಸಿಕೊಂಡು, ಬಿಸಿಲಲ್ಲಿ ಸಾಲು ನಿಂತು ಒತ್ತಿದ ಗುಂಡಿಗಳೆಲ್ಲ ಒಂದಕ್ಕೊಂದು ವಜಾ ಆಗಿಹೋದವು. ಕೊನೆಗೆ ಉಳಿದದ್ದು ಒಂದೇ ಬೆರಳು. ಯಾರದೆಂದು ಯಾರಿಗೂ ಗೊತ್ತಿಲ್ಲ, ಮುಂದೆಯೂ ಗೊತ್ತಾಗುವುದಿಲ್ಲ. ಗೆದ್ದವರಿಗೆ ಓಟು ಕೊಟ್ಟ 40,752 ಜನರಲ್ಲಿ ಪ್ರತಿಯೊಬ್ಬರೂ 'ಆ ಒಂದು ಓಟು ನನ್ನದೇ' ಎಂದು ಹೇಳಿಕೊಳ್ಳಬಹುದು, ಮತ್ತು ಅಷ್ಟೂ ಜನರ ಮಾತೂ ನಿಜ.

ಒಂದು ಓಟು ಎಂದರೆ ಎಷ್ಟು ಹೊತ್ತಿನ ಕೆಲಸ? ಬೂತಿನೊಳಗೆ ಕಾಲಿಟ್ಟವರಿಗೆಲ್ಲ ಗೊತ್ತು. ಮೊದಲನೆಯ ಮತಗಟ್ಟೆ ಅಧಿಕಾರಿ ಪಟ್ಟಿಯಲ್ಲಿ ಹೆಸರು ಹುಡುಕಿ ಕ್ರಮಸಂಖ್ಯೆಯನ್ನು ಗಟ್ಟಿಯಾಗಿ ಓದುತ್ತಾರೆ. ಬೆಂಚಿನ ಮೇಲೆ ಕೂತ ಪಕ್ಷಗಳ ಏಜೆಂಟರು ತಮ್ಮ ತಮ್ಮ ಪಟ್ಟಿಯಲ್ಲಿ ಗೀಟು ಎಳೆದುಕೊಳ್ಳುತ್ತಾರೆ. ಎರಡನೆಯವರು ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿ, ರಿಜಿಸ್ಟರಿನಲ್ಲಿ ರುಜು ಹಾಕಿಸಿಕೊಂಡು, ಚೀಟಿ ಕೊಡುತ್ತಾರೆ. ಮೂರನೆಯವರು ಆ ಚೀಟಿ ಇಸಿದುಕೊಂಡು ಕಂಟ್ರೋಲ್ ಯೂನಿಟ್ಟಿನ ಗುಂಡಿ ಒತ್ತುತ್ತಾರೆ. ರಟ್ಟಿನ ಮರೆಯ ಹಿಂದೆ ನೀಲಿ ಗುಂಡಿ, ಪಕ್ಕದಲ್ಲಿ ಕೆಂಪು ದೀಪ, ಉದ್ದನೆಯ ಬೀಪ್. ಆಗಿನ ಮತಯಂತ್ರವನ್ನು ರೂಪಿಸಿದ್ದುದೇ ನಿಮಿಷಕ್ಕೆ ಐದಕ್ಕಿಂತ ಹೆಚ್ಚು ಓಟು ದಾಖಲಾಗದಂತೆ. ಅಂದರೆ ಎಷ್ಟೇ ಅವಸರ ಮಾಡಿದರೂ ಒಂದು ಓಟಿಗೆ ಹನ್ನೆರಡು ಸೆಕೆಂಡು ಬೇಕಿತ್ತು. ಸಂತೇಮರಹಳ್ಳಿಯ ಶಾಸಕ ಯಾರೆಂದು ತೀರ್ಮಾನವಾದದ್ದು ಆ ಹನ್ನೆರಡು ಸೆಕೆಂಡಿನಲ್ಲಿ.

ಆ ಶಾಯಿಯೂ ದೂರದ್ದಲ್ಲ. ಸಂತೇಮರಹಳ್ಳಿಯಿಂದ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ತಲುಪುವ ಮೈಸೂರಿನಲ್ಲಿ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ ಅದನ್ನು ತಯಾರಿಸುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಶುರುವಾದ ಕಾರ್ಖಾನೆ. 1962ರ ಸಾರ್ವತ್ರಿಕ ಚುನಾವಣೆಯಿಂದ ಇಡೀ ದೇಶದ ಬೆರಳಿಗೆ ಅದೇ ಶಾಯಿ. ಹತ್ತು ಮಿಲಿ ಲೀಟರಿನ ಒಂದು ಸೀಸೆ ಸುಮಾರು ಏಳು ನೂರು ಮತದಾರರಿಗೆ ಸಾಕಾಗುತ್ತದೆ. ಆ ಲೆಕ್ಕದಲ್ಲಿ ಧ್ರುವನಾರಾಯಣ ಮತ್ತು ಕೃಷ್ಣಮೂರ್ತಿ ಇಬ್ಬರ ಮತದಾರರಿಗೂ ಸೇರಿ ಖರ್ಚಾದದ್ದು ನೂರ ಹದಿನಾರು ಸೀಸೆಗಿಂತ ಚೂರು ಹೆಚ್ಚು. ಇಬ್ಬರ ನಡುವಿನ ಅಂತರ ಒಂದು ಗೀರು.

ಈ ಕತೆ ಬಂದಾಗೆಲ್ಲ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ. ಮತದಾನದ ದಿನ ಕೃಷ್ಣಮೂರ್ತಿಯವರ ಕಾರಿನ ಚಾಲಕನಿಗೆ ಓಟು ಹಾಕಲು ಬಿಡುವು ಸಿಗಲಿಲ್ಲವಂತೆ, ಆತ ಹಾಕಿದ್ದರೆ ಕತೆಯೇ ಬೇರೆಯಾಗುತ್ತಿತ್ತಂತೆ ಎಂದು. ಪತ್ರಿಕೆಗಳು ಎಷ್ಟೋ ಸಲ ಬರೆದಿವೆ, ಮತದಾನ ಜಾಗೃತಿಯ ಭಾಷಣಗಳಲ್ಲಿ ಎಷ್ಟೋ ಸಲ ಕೇಳಿಬಂದಿದೆ. ನನಗೆ ಈ ಮಾತು ಕೇಳಿದಾಗೆಲ್ಲ ಎದೆ ಚುರ್ ಎನ್ನುತ್ತದೆ. ದುಡಿಯುವವನೊಬ್ಬನ ತಲೆಯ ಮೇಲೆ ಇಡೀ ಕ್ಷೇತ್ರದ ಫಲಿತಾಂಶವನ್ನು ಹೊರಿಸುವುದು ಸರಿಯಲ್ಲ. ಅಂದು ಬೂತಿನ ಕಡೆ ತಲೆ ಹಾಕದವರು ಎಲ್ಲ ಕ್ಷೇತ್ರಗಳಲ್ಲೂ ಇದ್ದಂತೆ ಅಲ್ಲೂ ಸಾವಿರಗಟ್ಟಲೆ ಇದ್ದರು. ಮದುವೆಗೆ ಹೋದವರು, ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದವರು, 'ನನ್ನ ಒಂದು ಓಟಿನಿಂದ ಏನಾಗುತ್ತದೆ' ಎಂದುಕೊಂಡವರು. ಅವರಲ್ಲಿ ಯಾರೊಬ್ಬರನ್ನು ಬೇಕಾದರೂ ಆ ಜಾಗದಲ್ಲಿ ನಿಲ್ಲಿಸಬಹುದು.

ಲೆಕ್ಕವೂ ಆ ಮಾತಿಗೆ ಪೂರ್ತಿ ಕೂಡಿಬರುವುದಿಲ್ಲ. ಆ ಒಂದು ಓಟು ಬಿದ್ದಿದ್ದರೆ ಕೃಷ್ಣಮೂರ್ತಿಯವರದೂ 40,752 ಆಗುತ್ತಿತ್ತು. ಗೆಲುವಲ್ಲ, ಸಮಬಲ. ಆಗ ಏನು ಮಾಡಬೇಕೆಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 65ನೇ ಕಲಂ ಹೇಳುತ್ತದೆ: ಚುನಾವಣಾಧಿಕಾರಿ ಅಲ್ಲೇ ಚೀಟಿ ಎತ್ತಬೇಕು, ಚೀಟಿ ಯಾರ ಪಾಲಿಗೆ ಬರುತ್ತದೋ ಅವರಿಗೆ ಒಂದು ಓಟು ಹೆಚ್ಚಿಗೆ ಬಿದ್ದಂತೆ ಭಾವಿಸಿ ಫಲಿತಾಂಶ ಘೋಷಿಸಬೇಕು. ಗ್ರಾಮ ಪಂಚಾಯಿತಿ ಚುನಾವಣೆಗಳಲ್ಲಿ ಇದು ನಮ್ಮ ಕಡೆ ಅಪರೂಪವೇನಲ್ಲ. ಡಬ್ಬಿಯೊಳಗೆ ಎರಡು ಚೀಟಿ ಹಾಕಿ ಕುಲುಕುತ್ತಾರೆ, ಒಂದು ಕೈ ಒಳಗೆ ಹೋಗುತ್ತದೆ, ಸುತ್ತ ನಿಂತವರ ಉಸಿರು ನಿಲ್ಲುತ್ತದೆ. ಎಂಬತ್ತೊಂದೂವರೆ ಸಾವಿರ ಜನ ಕೊಟ್ಟ ತೀರ್ಪು ಕೊನೆಗೆ ಒಂದು ಡಬ್ಬಿಯೊಳಗೆ ಇಳಿಯುತ್ತಿತ್ತು. ಸಂತೇಮರಹಳ್ಳಿ ಅದರಿಂದ ಪಾರಾದದ್ದು ಒಂದು ಓಟಿನ ಅಂತರದಲ್ಲಿ.

2004ರ ಲೋಕಸಭೆ ಮತ್ತು ಅದರ ಜೊತೆಗೇ ನಡೆದ ನಮ್ಮ ವಿಧಾನಸಭೆ, ಎರಡೂ ಚುನಾವಣೆ ಪೂರ್ತಿಯಾಗಿ ಮತಯಂತ್ರದಲ್ಲಿ ನಡೆದವು. ಕಾಗದದ ಕಾಲವಾಗಿದ್ದರೆ ಈ ಫಲಿತಾಂಶದ ಗತಿ ಏನಾಗುತ್ತಿತ್ತೋ! ಎರಡು ಚಿಹ್ನೆಗಳ ನಡುವೆ ಬಿದ್ದ ಮೊಹರು, ಮಡಚುವಾಗ ಇನ್ನೊಂದು ಕಡೆಗೆ ಅಂಟಿದ ಮಸಿ, ಬೆರಳಚ್ಚು ಬಿದ್ದ ಮತಪತ್ರ ಇವನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಹಗಲು ರಾತ್ರಿ ಜಗಳವಾಡಬಹುದಿತ್ತು. ಯಂತ್ರದ ಸೀಲು ಒಡೆದು ಗುಂಡಿ ಒತ್ತಿದರೆ ಅಭ್ಯರ್ಥಿಗಳ ಅಂಕಿ ಒಂದೊಂದಾಗಿ ಬರುತ್ತದೆ. ಎಷ್ಟು ಸಲ ಒತ್ತಿದರೂ ಅದೇ ಅಂಕಿ.

ಇನ್ನೊಂದು ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. ಆ ಸಲ 224 ಸ್ಥಾನಗಳ ವಿಧಾನಸಭೆಯಲ್ಲಿ ಬಿಜೆಪಿಗೆ 79, ಕಾಂಗ್ರೆಸ್ಸಿಗೆ 65, ಜೆಡಿಎಸ್‌ಗೆ 58. ಯಾರಿಗೂ ಬಹುಮತವಿಲ್ಲ. ಒಂದು ಓಟಿಗಾಗಿ ಸಂತೇಮರಹಳ್ಳಿಯಲ್ಲಿ ಎದುರುಬದುರಾಗಿದ್ದ ಎರಡು ಪಕ್ಷಗಳು ಅದೇ ಮೇ ತಿಂಗಳು ಮುಗಿಯುವುದರೊಳಗೆ ಧರ್ಮಸಿಂಗ್ ಅವರ ನೇತೃತ್ವದಲ್ಲಿ ಸೇರಿ ಸರ್ಕಾರ ಮಾಡಿದವು.

ಧ್ರುವನಾರಾಯಣ ಹುಟ್ಟಿದ್ದು 1961ರ ಜುಲೈ 31ರಂದು, ಚಾಮರಾಜನಗರದ ಹೆಗ್ಗವಾಡಿಯಲ್ಲಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ವಿಜ್ಞಾನದ ಸ್ನಾತಕೋತ್ತರ ಪದವಿ ಪಡೆದವರು. ಎದುರಾಳಿ ಕೃಷ್ಣಮೂರ್ತಿ ಸಾಮಾನ್ಯರಲ್ಲ. ಆಲೂರಿನ ಬಿ. ರಾಚಯ್ಯನವರ ಮಗ. ರಾಚಯ್ಯ ರಾಜ್ಯದಲ್ಲಿ ಮಂತ್ರಿಯಾಗಿದ್ದವರು, 1977ರಲ್ಲಿ ಚಾಮರಾಜನಗರದಿಂದ ಲೋಕಸಭೆಗೆ ಹೋದವರು, ಮುಂದೆ ಕೇರಳದ ರಾಜ್ಯಪಾಲರಾದವರು. ಅಂಥ ಮನೆತನದ ಹೆಸರಿನ ಎದುರು ನಿಂತು ಗೆದ್ದದ್ದು ಒಂದು ಓಟಿನಿಂದಲೇ ಆದರೂ ಗೆಲುವು ಗೆಲುವೇ. ವಿಧಾನಸೌಧದ ಮೆಟ್ಟಿಲು ಹತ್ತುವಾಗ ಯಾರೂ ಲೀಡು ಎಷ್ಟೆಂದು ಕೇಳುವುದಿಲ್ಲ. ಒಂದು ಓಟಿನಿಂದ ಬಂದವರಿಗೂ ಒಂದು ಲಕ್ಷದಿಂದ ಬಂದವರಿಗೂ ಒಂದೇ ಕುರ್ಚಿ, ಒಂದೇ ಸಂಬಳ, ಸದನದಲ್ಲಿ ಒಂದೇ ಓಟು.

ಅಚ್ಚರಿ ಇಷ್ಟಕ್ಕೇ ನಿಂತಿದ್ದರೆ ಇದು ಚುನಾವಣೆಯ ದಿನ ಮೆಲುಕು ಹಾಕುವ ಒಂದು ಸ್ವಾರಸ್ಯವಾಗಿ ಉಳಿಯುತ್ತಿತ್ತು. ಮುಂದಿನ ಲೆಕ್ಕ ಕೇಳಿ.

ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರವೇ ಇಲ್ಲವಾಯಿತು. ಒಂದು ಓಟಿನ ಕ್ಷೇತ್ರ ನಕ್ಷೆಯಿಂದಲೇ ಅಳಿಸಿಹೋಯಿತು. ಯಳಂದೂರಿನ ಕಡೆಯ ಭಾಗವೆಲ್ಲ ಕೊಳ್ಳೇಗಾಲಕ್ಕೆ ಸೇರಿತು. 2008ರಲ್ಲಿ ಧ್ರುವನಾರಾಯಣ ಕೊಳ್ಳೇಗಾಲದಿಂದ ಗೆದ್ದರು. ಮರುವರ್ಷವೇ ಲೋಕಸಭೆ ಚುನಾವಣೆ ಬಂತು. ಚಾಮರಾಜನಗರ ಮೀಸಲು ಕ್ಷೇತ್ರಕ್ಕೆ ಕಾಂಗ್ರೆಸ್ಸಿನಿಂದ ಧ್ರುವನಾರಾಯಣ. ಬಿಜೆಪಿಯಿಂದ ಯಾರು? ಅದೇ ಕೃಷ್ಣಮೂರ್ತಿ.

ಈಗ ಕಣ ಒಂದು ತಾಲ್ಲೂಕಿನಷ್ಟು ಅಗಲದ್ದಲ್ಲ. ಹೆಗ್ಗಡದೇವನಕೋಟೆ, ನಂಜನಗೂಡು, ವರುಣ, ತಿ. ನರಸೀಪುರ, ಹನೂರು, ಕೊಳ್ಳೇಗಾಲ, ಚಾಮರಾಜನಗರ, ಗುಂಡ್ಲುಪೇಟೆ, ಹೀಗೆ ಎಂಟು ವಿಧಾನಸಭಾ ಕ್ಷೇತ್ರ. ಒಂದು ತುದಿಯಲ್ಲಿ ಕಬಿನಿ ಹಿನ್ನೀರು, ಇನ್ನೊಂದು ತುದಿಯಲ್ಲಿ ಮಾದಪ್ಪನ ಬೆಟ್ಟ. ನಡುವೆ ನಾಗರಹೊಳೆ, ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಹುಲಿಕಾಡುಗಳು. ಒಂದು ಕಡೆ ಕೇರಳ, ಇನ್ನೊಂದು ಕಡೆ ತಮಿಳುನಾಡು. ಇಷ್ಟು ದೊಡ್ಡ ಸೀಮೆಯಲ್ಲಿ ಧ್ರುವನಾರಾಯಣ ಅವರಿಗೆ ಬಿದ್ದದ್ದು 3,69,970. ಕೃಷ್ಣಮೂರ್ತಿಯವರಿಗೆ 3,65,968. ಲೀಡು 4,002.

ಒಂದರಿಂದ 4,002ಕ್ಕೆ ಏರಿದ್ದು ದೊಡ್ಡ ಜಿಗಿತದಂತೆ ಕಾಣುತ್ತದೆ. ಎಂಟು ಕ್ಷೇತ್ರಕ್ಕೆ ಹಂಚಿದರೆ ತಲಾ ಐನೂರು ಓಟು. ಒಂದು ದೊಡ್ಡ ಹಳ್ಳಿಯ ಎರಡು ಬೀದಿ ಎನ್ನಿ. ಧ್ರುವನಾರಾಯಣ ಅವರಿಗೆ ಹಾಕಿದವರಲ್ಲಿ 2,001 ಜನ ಕೃಷ್ಣಮೂರ್ತಿಯವರಿಗೆ ಹಾಕಿದ್ದರೆ ಇಬ್ಬರಿಗೂ 3,67,969. ಮತ್ತೆ ಅದೇ ಡಬ್ಬಿ, ಅದೇ ಚೀಟಿ. ತಂದೆ ಕೂತಿದ್ದ ಲೋಕಸಭಾ ಸ್ಥಾನ ಮಗನ ಕೈಗೆ ತಪ್ಪಿದ್ದು ಇಷ್ಟರಲ್ಲಿ. ಕೃಷ್ಣಮೂರ್ತಿಯವರು ಎರಡು ಚುನಾವಣೆಯಲ್ಲಿ ಒಟ್ಟು 4,06,719 ಓಟು ಪಡೆದು, ಎರಡೂ ಸೇರಿ 4,003 ಓಟುಗಳ ಅಂತರದಲ್ಲಿ, ಎರಡೂ ಸಲ ಹೊರಗುಳಿದರು.

2009ರಲ್ಲಿ ಆರಿಸಿಬಂದ ಆ 15ನೇ ಲೋಕಸಭೆಯಲ್ಲಿ ಇನ್ನೂ ಒಂದು ಸೋಜಿಗವಿತ್ತು. ರಾಜಸ್ಥಾನದ ನಾಥದ್ವಾರದಲ್ಲಿ 2008ರ ವಿಧಾನಸಭಾ ಚುನಾವಣೆ ನಡೆದಾಗ ಅಲ್ಲಿನ ಪ್ರದೇಶ ಕಾಂಗ್ರೆಸ್ ಅಧ್ಯಕ್ಷ ಸಿ.ಪಿ. ಜೋಶಿ ಮುಖ್ಯಮಂತ್ರಿ ಸ್ಥಾನದ ಪ್ರಬಲ ಆಕಾಂಕ್ಷಿ. ಅವರಿಗೆ 62,215 ಓಟು. ಬಿಜೆಪಿಯ ಕಲ್ಯಾಣ್ ಸಿಂಗ್ ಚೌಹಾಣ್ ಅವರಿಗೆ 62,216. ಪಕ್ಷ ಅಧಿಕಾರಕ್ಕೆ ಬಂತು, ಪಕ್ಷದ ಅಧ್ಯಕ್ಷ ಒಂದು ಓಟಿನಿಂದ ಸೋತರು. ಕೆಲವೇ ತಿಂಗಳಲ್ಲಿ ಅವರು ಭೀಲ್ವಾಡಾದಿಂದ ಲೋಕಸಭೆಗೆ ಗೆದ್ದು ಕೇಂದ್ರದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿಯಾದರು. ಹೀಗಾಗಿ 543 ಜನ ಆರಿಸಿಬಂದ ಆ ಸದನದಲ್ಲಿ, ಒಂದೇ ಪಕ್ಷದ ಸಾಲುಗಳಲ್ಲಿ, ಒಂದು ಓಟಿನಿಂದ ಗೆದ್ದ ಅನುಭವ ಇದ್ದವರೊಬ್ಬರು, ಒಂದು ಓಟಿನಿಂದ ಸೋತ ಅನುಭವ ಇದ್ದವರೊಬ್ಬರು ಕೂತಿದ್ದರು. ಅವರಿಬ್ಬರೂ ಮೊಗಸಾಲೆಯಲ್ಲಿ ಎಂದಾದರೂ ಎದುರಾಗಿ ಈ ಮಾತು ಆಡಿಕೊಂಡಿದ್ದರೆ ಅದನ್ನು ಕೇಳಬೇಕಿತ್ತು ಎಂದು ನನಗೆ ಈಗಲೂ ಆಸೆ.

2014ರಲ್ಲಿ ಮೂರನೆಯ ಸುತ್ತು. ಮತ್ತೆ ಅದೇ ಇಬ್ಬರು. ದೇಶದಲ್ಲಿ ಮೋದಿ ಅಲೆ. ಕಾಂಗ್ರೆಸ್ ಇಡೀ ದೇಶದಲ್ಲಿ 44ಕ್ಕೆ ಇಳಿಯಿತು. ಕರ್ನಾಟಕದ 28ರಲ್ಲಿ ಬಿಜೆಪಿಗೆ 17, ಕಾಂಗ್ರೆಸ್ಸಿಗೆ 9. ದೇಶದ ಬಹುಪಾಲು ಕಡೆ ಕಾಂಗ್ರೆಸ್ಸಿನ ಲೀಡು ಕರಗುತ್ತಿದ್ದ ಆ ವರ್ಷ ಧ್ರುವನಾರಾಯಣ ಅವರದು ಉಕ್ಕಿತು. ಅವರಿಗೆ 5,67,782. ಕೃಷ್ಣಮೂರ್ತಿಯವರಿಗೆ 4,26,600. ಲೀಡು 1,41,182.

ಮೂರು ಚುನಾವಣೆ, ಅದೇ ಇಬ್ಬರು, ಹತ್ತು ವರ್ಷ: 1, 4,002, 1,41,182. ಮೊದಲನೆಯದಕ್ಕಿಂತ ಎರಡನೆಯದು ನಾಲ್ಕು ಸಾವಿರ ಪಟ್ಟು, ಎರಡನೆಯದಕ್ಕಿಂತ ಮೂರನೆಯದು ಮೂವತ್ತೈದು ಪಟ್ಟು. ಇನ್ನೊಂದು ರೀತಿ ನೋಡಿದರೆ ಇನ್ನೂ ಬೆರಗು: 2004ರಲ್ಲಿ ಇಬ್ಬರಿಗೂ ಸೇರಿ ಬಿದ್ದ ಅಷ್ಟೂ ಓಟು 81,503. ಹತ್ತು ವರ್ಷದ ನಂತರ ಅಂತರವೇ ಅದಕ್ಕಿಂತ ಸುಮಾರು ಅರವತ್ತು ಸಾವಿರ ಹೆಚ್ಚು. ವಿಧಾನಸಭೆಯ ಕಣಕ್ಕಿಂತ ಲೋಕಸಭೆಯ ಕಣ ದೊಡ್ಡದು, ಒಪ್ಪೋಣ. ಆದರೂ 2009ರದೂ 2014ರದೂ ಒಂದೇ ಕಣ, ಅದೇ ಎಂಟು ಕ್ಷೇತ್ರ, ಅದೇ ಕಾಡು, ಅದೇ ಹೊಲ. ಮತಗಟ್ಟೆಯಿಂದ ಮತಗಟ್ಟೆಗೆ ಓಡಾಡಿ ಕಟ್ಟಿದ ಲೀಡು ಅದು. ದೊಡ್ಡ ಅಲೆಗೆ ಎದುರಾಗಿ ಬೆಳೆದ ಸಂಖ್ಯೆ ಎಂಬ ಕಾರಣಕ್ಕೇ ನನಗೆ 1,41,182 ಎಂಬುದರ ಮೇಲೆ ಗೌರವ ಹೆಚ್ಚು.

ಅಲ್ಲಿಂದ ಐದು ವರ್ಷ. 2019.

ಈ ಸಲ ಎದುರಾಳಿ ಬದಲಾದರು. ವಿ. ಶ್ರೀನಿವಾಸ ಪ್ರಸಾದ್ ಇದೇ ಚಾಮರಾಜನಗರದಿಂದ 1980, 1984, 1989, 1991ರಲ್ಲಿ ಕಾಂಗ್ರೆಸ್ಸಿನಿಂದಲೂ 1999ರಲ್ಲಿ ಜೆಡಿಯುನಿಂದಲೂ ಗೆದ್ದಿದ್ದವರು. ವಾಜಪೇಯಿ ಸರ್ಕಾರದಲ್ಲಿ ಮಂತ್ರಿಯಾಗಿದ್ದವರು. ಈಗ ಬಿಜೆಪಿಯಿಂದ ನಿಂತಿದ್ದರು. 1999ರ ಆ ಚುನಾವಣೆ ಬಂದದ್ದೂ ಒಂದು ಓಟಿನಿಂದಲೇ ಎಂಬುದನ್ನು ಇಲ್ಲಿ ನೆನೆಯದೆ ಇರಲಾರೆ. ಆ ವರ್ಷದ ಏಪ್ರಿಲ್ 17ರಂದು ಲೋಕಸಭೆಯಲ್ಲಿ ವಾಜಪೇಯಿಯವರ ವಿಶ್ವಾಸಮತಕ್ಕೆ ಪರವಾಗಿ 269, ವಿರುದ್ಧವಾಗಿ 270. ಸರ್ಕಾರ ಬಿತ್ತು, ಇಡೀ ದೇಶ ಮತ್ತೆ ಸಾಲು ನಿಂತಿತು, ಆ ಸಾಲಿನಲ್ಲಿ ಚಾಮರಾಜನಗರ ಶ್ರೀನಿವಾಸ ಪ್ರಸಾದರನ್ನು ಆರಿಸಿ ಕಳಿಸಿತು.

2019ರ ಏಪ್ರಿಲ್ 18ಕ್ಕೆ ಮತದಾನ, ಮೇ 23ಕ್ಕೆ ಎಣಿಕೆ. ಶ್ರೀನಿವಾಸ ಪ್ರಸಾದ್ ಅವರಿಗೆ 5,68,537. ಧ್ರುವನಾರಾಯಣ ಅವರಿಗೆ 5,66,720. ಸೋಲು, 1,817 ಓಟುಗಳಿಂದ.

ಈ ಸಂಖ್ಯೆಗಳನ್ನು ಹಾಳೆಯ ಮೇಲೆ ಬರೆದುಕೊಂಡು ನಾನು ಬಹಳ ಹೊತ್ತು ಕೂತಿದ್ದೇನೆ. 2014ಕ್ಕೂ 2019ಕ್ಕೂ ಧ್ರುವನಾರಾಯಣ ಅವರ ಓಟು ಕಡಿಮೆಯಾದದ್ದು ಎಷ್ಟು? 1,062. ಐದೂಮುಕ್ಕಾಲು ಲಕ್ಷದ ಹತ್ತಿರದ ರಾಶಿಯಲ್ಲಿ ಸಾವಿರ ಚಿಲ್ಲರೆ. ಅವರ ಜನ ಅವರನ್ನು ಬಿಟ್ಟಿರಲಿಲ್ಲ. ಬಿಜೆಪಿಯ ಓಟು ಎಷ್ಟು ಹೆಚ್ಚಿತು? 1,41,937. ಹಿಂದಿನ ಸಲದ ಧ್ರುವನಾರಾಯಣ ಅವರ ಲೀಡು ಎಷ್ಟಿತ್ತು? 1,41,182. ಐದು ವರ್ಷದ ಹಿಂದೆ ಬೆಟ್ಟದಂತೆ ಕಂಡ ಆ ಲೀಡನ್ನು ಅಳೆದು ತೂಗಿ ಅಷ್ಟೇ ತುಂಬಿದಂತೆ ಎದುರಾಳಿಯ ಪಾತ್ರೆ ತುಂಬಿತು, ಮೇಲೆ 755 ಓಟು ಚೆಲ್ಲಿತು. ಅಂದರೆ ತಮ್ಮ 2014ರ ಓಟನ್ನು ಒಂದೂ ಬಿಡದೆ ಉಳಿಸಿಕೊಂಡಿದ್ದರೂ ಅವರು 755ರಿಂದ ಸೋಲುತ್ತಿದ್ದರು.

ಇನ್ನೊಂದು ಲೆಕ್ಕ. 1,817 ಬೆಸಸಂಖ್ಯೆ. ಆ ಕಡೆಗೆ ಹಾಕಿದವರಲ್ಲಿ 909 ಜನ ಈ ಕಡೆಗೆ ಹಾಕಿದ್ದರೆ ಶ್ರೀನಿವಾಸ ಪ್ರಸಾದ್ 5,67,628ಕ್ಕೆ ಇಳಿಯುತ್ತಿದ್ದರು, ಧ್ರುವನಾರಾಯಣ 5,67,629ಕ್ಕೆ ಏರುತ್ತಿದ್ದರು. ಲೀಡು ಎಷ್ಟು? ಒಂದು. ಮತ್ತೆ ಒಂದೇ ಒಂದು. ಮೊದಲ ಸಲ ಇದನ್ನು ಕೂಡಿಸಿ ಕಳೆದಾಗ ತಪ್ಪಿರಬೇಕೆಂದು ಮತ್ತೆ ಮಾಡಿದೆ. ತಪ್ಪಿರಲಿಲ್ಲ. 909 ಜನ ಎಂದರೆ ಎಂಟು ಕ್ಷೇತ್ರಕ್ಕೆ ತಲಾ ನೂರ ಹದಿನಾಲ್ಕು ಜನರೂ ಪೂರ್ತಿ ಆಗುವುದಿಲ್ಲ. ಎರಡು ಬಸ್ಸು ತುಂಬಿದರೆ ಒಂದು ಕ್ಷೇತ್ರದ ಪಾಲಿನ ಅಷ್ಟು ಜನ ಹಿಡಿಸಿಬಿಡುತ್ತಾರೆ.

ಅದೇ ದಿನ, ಇದೇ ರಾಜ್ಯದ ಉತ್ತರ ಕನ್ನಡದಲ್ಲಿ ಅನಂತಕುಮಾರ ಹೆಗಡೆ ಗೆದ್ದ ಅಂತರ 4,79,649. ಚಾಮರಾಜನಗರದ ಅಂತರದ ಸುಮಾರು 264 ಪಟ್ಟು. ಕಾಂಗ್ರೆಸ್ಸಿಗೆ ಆ ಸಲ ಕರ್ನಾಟಕದಲ್ಲಿ ದಕ್ಕಿದ್ದು 28ರಲ್ಲಿ ಒಂದೇ ಸ್ಥಾನ, ಬೆಂಗಳೂರು ಗ್ರಾಮಾಂತರ. ಆ 909 ಓಟು ಇತ್ತ ಬಂದಿದ್ದರೆ ಎರಡು ಎಂದು ಬರೆಯಬೇಕಾಗುತ್ತಿತ್ತು.

ಸಂಖ್ಯೆ ದೊಡ್ಡದಾದಷ್ಟೂ ಮನಸ್ಸಿಗೆ ಹಿಡಿಯುವುದಿಲ್ಲ. ಲಕ್ಷ ಎಂದರೆ ಲಕ್ಷ, ಅಷ್ಟೇ. ಅದಕ್ಕೇ ನಾನು ಒಂದು ಓಟನ್ನು ಒಂದು ಸೆಕೆಂಡಿಗೆ ಸಮ ಮಾಡಿಕೊಂಡು ನೋಡಿದೆ. ಆ ಸೀಮೆಯ ಜನ ಶಿವರಾತ್ರಿಗೆ ಬರಿಗಾಲಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆಯುತ್ತಾರೆ, 'ಉಘೇ ಮಾದಪ್ಪ' ಎಂದು ಕೂಗುತ್ತ ಕಾಡು ದಾರಿಯಲ್ಲಿ ಸಾಲುಸಾಲಾಗಿ ಸಾಗುತ್ತಾರೆ. ಅಂಥ ಇಬ್ಬರು ಯಾತ್ರಿಕರು ಎಂದುಕೊಳ್ಳಿ. 2004ರಲ್ಲಿ ಅವರು ಹನ್ನೊಂದು ಗಂಟೆ ಹತ್ತೊಂಬತ್ತು ನಿಮಿಷ ಎಡೆಬಿಡದೆ ನಡೆದರು. ಬೆಟ್ಟದ ಮೆಟ್ಟಿಲು ಮುಟ್ಟಿದ್ದು ಒಬ್ಬರಿಗಿಂತ ಇನ್ನೊಬ್ಬರು ಒಂದು ಸೆಕೆಂಡು ಮೊದಲು. ಬಾಗಿಲು ತೆರೆದದ್ದು ಆ ಒಬ್ಬರಿಗೆ ಮಾತ್ರ. 2014ರಲ್ಲಿ ಒಬ್ಬರು ಇನ್ನೊಬ್ಬರಿಗಿಂತ ಮೂವತ್ತೊಂಬತ್ತು ಗಂಟೆ, ಒಂದು ಹಗಲು ಎರಡು ರಾತ್ರಿಯಷ್ಟು ಮುಂದಿದ್ದರು. 2019ರಲ್ಲಿ ಇಬ್ಬರೂ ಆರು ಹಗಲು ಆರು ರಾತ್ರಿ ನಡೆದು, ಅದರ ಮೇಲೆ ಹದಿಮೂರು ಗಂಟೆ ನಡೆದು, ಮೂವತ್ತು ನಿಮಿಷ ಹದಿನೇಳು ಸೆಕೆಂಡು ಹಿಂದೆಮುಂದಾಗಿ ತಲುಪಿದರು. ದಾರಿಯಲ್ಲಿ ಒಂದು ಕಡೆ ಕೂತು ಬುತ್ತಿ ಬಿಚ್ಚಿ ಉಂಡರೆ ಆಗುವ ತಡ ಅದು.

ಮಾದಪ್ಪನ ಬೆಟ್ಟದ ಮಾತು ಬಂದದ್ದಕ್ಕೆ ಇದನ್ನೂ ಹೇಳಬೇಕು. ಆ ಬೆಟ್ಟದ ಸೀಮೆಯ ಇಂಡಿಗನತ್ತ ಎಂಬ ಹಳ್ಳಿಯ ಜನ ರಸ್ತೆ, ನೀರು, ಕರೆಂಟು ಕೇಳಿ ಕೇಳಿ ಸಾಕಾಗಿ 2024ರ ಏಪ್ರಿಲ್ 26ರಂದು ಓಟು ಹಾಕುವುದಿಲ್ಲ ಎಂದರು. ಗಲಾಟೆಯಾಯಿತು, ಮತಯಂತ್ರ ಒಡೆಯಿತು, 29ಕ್ಕೆ ಮರುಮತದಾನ ನಡೆಯಿತು. ಅದೇ 29ರಂದು ಶ್ರೀನಿವಾಸ ಪ್ರಸಾದ್ ಬೆಂಗಳೂರಿನಲ್ಲಿ ತೀರಿಕೊಂಡರು. ಒಂದು ಓಟಿಗೆ ಸರ್ಕಾರ ಬೀಳುವ ದೇಶದಲ್ಲಿ, ಒಂದು ಓಟಿಗೆ ಶಾಸಕ ಹುಟ್ಟಿದ ಜಿಲ್ಲೆಯಲ್ಲಿ, ಒಂದು ಊರಿಗೆ ತನ್ನ ಓಟನ್ನು ತಡೆಹಿಡಿಯುವುದೊಂದೇ ದಾರಿ ಎನಿಸಿತಲ್ಲ, ಅದರ ನೋವು ನನಗೆ ಇನ್ನೂ ಇದೆ. ಆ ಸಲದ ಲೋಕಸಭೆಯಲ್ಲಿ ಕಾಂಗ್ರೆಸ್ಸಿನ ಸುನಿಲ್ ಬೋಸ್ ಚಾಮರಾಜನಗರವನ್ನು 1,88,706 ಓಟುಗಳಿಂದ ಮರಳಿ ಗೆದ್ದರು. ಧ್ರುವನಾರಾಯಣ ಅದನ್ನು ನೋಡಲು ಇರಲಿಲ್ಲ.

2019ರ ಸೋಲಿನ ನಂತರ ಅವರು ಕೆಪಿಸಿಸಿ ಕಾರ್ಯಾಧ್ಯಕ್ಷರಾದರು. 2023ರ ವಿಧಾನಸಭಾ ಚುನಾವಣೆಗೆ ನಂಜನಗೂಡಿನಿಂದ ನಿಲ್ಲುವ ಸಿದ್ಧತೆಯಲ್ಲಿದ್ದರು. ಮಾರ್ಚ್ 11ರ ಬೆಳಿಗ್ಗೆ ಮೈಸೂರಿನಲ್ಲಿ ಹೃದಯಾಘಾತವಾಗಿ ತೀರಿಕೊಂಡರು. ವಯಸ್ಸು 61. ಮತದಾನಕ್ಕೆ ಬಾಕಿ ಇದ್ದದ್ದು ಎರಡು ತಿಂಗಳು. ನಂಜನಗೂಡಿನ ಟಿಕೆಟ್ಟು ಮಗ ದರ್ಶನ್ ಅವರಿಗೆ ಹೋಯಿತು. ತಿಂಗಳು ತುಂಬುವುದರೊಳಗೆ ಆ ಮನೆ ತಾಯಿಯನ್ನೂ ಕಳೆದುಕೊಂಡಿತು. ಪ್ರಚಾರಕ್ಕೆ ಹೊರಟ ಹುಡುಗನ ಮುಂದೆ ಇದ್ದದ್ದು ಎರಡು ಸಾವು ಮತ್ತು ಒಂದು ಕ್ಷೇತ್ರ.

ಕೃಷ್ಣಮೂರ್ತಿಯವರು ಅಷ್ಟು ಹೊತ್ತಿಗೆ ಕಾಂಗ್ರೆಸ್ಸಿನಲ್ಲಿದ್ದರು. 2018ರಲ್ಲಿ ಕೊಳ್ಳೇಗಾಲದಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ನಿಂತು ಬಿಎಸ್‌ಪಿಯ ಎನ್. ಮಹೇಶ್ ಅವರ ಎದುರು 19,454 ಓಟುಗಳಿಂದ ಸೋತಿದ್ದರು. ಒಂದು, 4,002, 1,41,182, 19,454: ಸೋಲಿನ ಇಷ್ಟೊಂದು ಅಳತೆಗಳನ್ನು ಒಬ್ಬ ಮನುಷ್ಯ ಕಂಡಿದ್ದು, ಮತ್ತೆ ಅರ್ಜಿ ಹಾಕಿ, ಮತ್ತೆ ಮನೆ ಮನೆಗೆ ಹೋಗಿ ಕೈ ಮುಗಿಯುವುದಿದೆಯಲ್ಲ, ಅದನ್ನು ಸಂಖ್ಯೆಯಲ್ಲಿ ಬರೆಯಲು ನನಗೆ ಬರುವುದಿಲ್ಲ. 2023ರಲ್ಲಿ ಅವರು ಮತ್ತೆ ಕೊಳ್ಳೇಗಾಲದಿಂದ ನಿಂತರು. ಎದುರಿಗೆ ಮತ್ತೆ ಎನ್. ಮಹೇಶ್, ಈ ಸಲ ಬಿಜೆಪಿಯಿಂದ. ಹಳೆಯ ಸಂತೇಮರಹಳ್ಳಿ ಕ್ಷೇತ್ರದ ಒಂದು ಭಾಗವೂ ಈ ಕೊಳ್ಳೇಗಾಲದ ಒಳಗೇ ಇದೆ. 2004ರಲ್ಲಿ ಬೆರಳಿಗೆ ಶಾಯಿ ಹಚ್ಚಿಸಿಕೊಂಡಿದ್ದ ಎಷ್ಟೋ ಜನ ಇಲ್ಲಿಯೂ ಸಾಲಿನಲ್ಲಿ ನಿಂತಿರಲೇಬೇಕು.

ಎಣಿಕೆ ನಡೆದದ್ದು ಮೇ 13ಕ್ಕೆ. 2004ರಲ್ಲೂ ಮೇ 13, 2023ರಲ್ಲೂ ಮೇ 13. ದಿನಕ್ಕೆ ದಿನ ಹತ್ತೊಂಬತ್ತು ವರ್ಷ.

ಕೊಳ್ಳೇಗಾಲದಲ್ಲಿ ಕೃಷ್ಣಮೂರ್ತಿಯವರಿಗೆ 1,08,363, ಮಹೇಶ್ ಅವರಿಗೆ 48,844. ಒಂದು ಓಟಿನಿಂದ ಸೋತಿದ್ದವರು 59,519 ಓಟಿನಿಂದ ಗೆದ್ದರು. ನಂಜನಗೂಡಿನಲ್ಲಿ ದರ್ಶನ್ ಧ್ರುವನಾರಾಯಣ ಅವರಿಗೆ 1,09,125, ಬಿಜೆಪಿಯ ಬಿ. ಹರ್ಷವರ್ಧನ್ ಅವರಿಗೆ 61,518, ಲೀಡು 47,607. ಹರ್ಷವರ್ಧನ್ ಶ್ರೀನಿವಾಸ ಪ್ರಸಾದ್ ಅವರ ಅಳಿಯ. ತಂದೆ 1,817ರಿಂದ ಸೋತಿದ್ದ ಮನೆತನದ ಎದುರೇ ಮಗನ ಗೆಲುವು. ಆ ತಿಂಗಳು ವಿಧಾನಸೌಧದಲ್ಲಿ ಹೊಸ ಶಾಸಕರು ಪ್ರಮಾಣವಚನ ತೆಗೆದುಕೊಂಡಾಗ, ಒಂದು ಓಟಿನಿಂದ ಗೆದ್ದಿದ್ದವರ ಮಗ ಮತ್ತು ಆ ಒಂದು ಓಟಿನಿಂದ ಸೋತಿದ್ದವರು ಆಡಳಿತ ಪಕ್ಷದ ಕಡೆಯ ಸಾಲುಗಳಲ್ಲಿ ಒಟ್ಟಿಗೆ ಕೂತರು.